ಬಾಗಿಲಲ್ಲೇ ನಿಂತುಹೋದ ಸೊಸೆ

ಐರ್ಲೆಂಡಿನ ಲೂಕನ್‌ನ ಆ ಮನೆಯಲ್ಲಿ ನಾನು ಬಾಡಿಗೆಗಿದ್ದದ್ದು ಮಹಡಿಯ ಹಿಂದಿನ ಕೋಣೆಯಲ್ಲಿ. ಮನೆ ಒಂದು ಬಂಗಾಳಿ ದಂಪತಿಯದು. ಗಂಡ ನನ್ನ ಹಾಗೇ ಸಾಫ್ಟ್‌ವೇರಿನವರು, ಹೆಂಡತಿಗೆ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಮೈಸೂರಿನಿಂದ ಬಂದು, ಡನ್‌ಡಾಕ್‌ನಲ್ಲಿ ಎಂ.ಎಸ್ಸಿ. ಮುಗಿಸಿ, ನಗರದ ಮಧ್ಯದ ಗ್ರ್ಯಾಂಡ್ ಕೆನಾಲ್ ಡಾಕ್‌ನಲ್ಲಿ ಮೊದಲ ಕೆಲಸ ಹಿಡಿದಿದ್ದ ನನಗೆ ಆಫೀಸಿನ ಹತ್ತಿರ ಮನೆ ಮಾಡುವ ತಾಕತ್ತಿರಲಿಲ್ಲ. ಬಸ್ಸಿನಲ್ಲಿ ಓಡಾಡುತ್ತಿದ್ದೆ. ಬಂಗಾಳಿಗಳು ಅಣ್ಣನಿಗೆ ದಾದಾ, ಅತ್ತಿಗೆಗೆ ಬೌದಿ ಅನ್ನುತ್ತಾರೆ. ನಾನೂ ಅವರಿಬ್ಬರನ್ನು ಹಾಗೇ ಕರೆಯುತ್ತಿದ್ದೆ.

ಕೊರೊನಾ ಬಂದ ವರ್ಷದ ಚಳಿಗಾಲದಲ್ಲಿ ದಾದಾನ ತಾಯಿ ಕೋಲ್ಕತ್ತದಿಂದ ಬಂದರು. ಮಗ ಹೊಸದಾಗಿ ಕೊಂಡ ಮನೆ ನೋಡಿ, ವಸಂತ ಮುಗಿಯುವಷ್ಟರಲ್ಲಿ ವಾಪಸು ಹೋಗುವವರಿದ್ದರು. ಎಪ್ಪತ್ತು ದಾಟಿದ್ದ ಪುಟ್ಟ ಆಕಾರದ ಹೆಂಗಸು. ಗಂಡ ತೀರಿಕೊಂಡು ಹತ್ತಾರು ವರ್ಷವಾಗಿತ್ತು. ಅವರನ್ನು ಮಾಶಿಮಾ ಅಂದೆ, ಚಿಕ್ಕಮ್ಮ ಅಂತ ಅರ್ಥ. ನಾನು ಮೀನು ತಿನ್ನುವುದಿಲ್ಲ ಅಂತ ಗೊತ್ತಾದ ದಿನ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನಗಿನ್ನೂ ಮದುವೆಯೇ ಆಗಿಲ್ಲವಲ್ಲ" ಅಂದರು. ಅವರ ಪ್ರಕಾರ ಮೀನು ಬಿಡುವುದು ಗಂಡ ಸತ್ತ ಮೇಲೆ. ನಮ್ಮ ಮನೆಯಲ್ಲಿ ಹುಟ್ಟಿದಾಗಿನಿಂದಲೂ ತಿನ್ನುವುದಿಲ್ಲ ಅಂತ ಹೇಳಿದ್ದಕ್ಕೆ ಅಯ್ಯೋ ಪಾಪ ಅನ್ನುವ ಮುಖ ಮಾಡಿದರು. ಅವತ್ತಿನಿಂದ ಅವರು ತಮಗಾಗಿ ಮಾಡಿಕೊಳ್ಳುವ ಸಪ್ಪೆ ಪಲ್ಯದಲ್ಲಿ ನನಗೂ ಒಂದು ಪಾಲು.

ಮಾರ್ಚಿನಲ್ಲಿ ಎಲ್ಲ ಮುಚ್ಚಿತು. ವಿಮಾನ ನಿಂತಿತು. ನನ್ನ ಆಫೀಸು ನನ್ನ ಕೋಣೆಯ ಡ್ರೆಸಿಂಗ್ ಟೇಬಲ್ಲಿಗೆ ಬಂತು, ದಾದಾನ ಆಫೀಸು ಕೆಳಗಿನ ಊಟದ ಮೇಜಿಗೆ. ಬೌದಿ ಮಾತ್ರ ದಿನಾ ಬೆಳಿಗ್ಗೆ ಕಾರು ತೆಗೆದುಕೊಂಡು ಆಸ್ಪತ್ರೆಗೆ ಹೋಗಬೇಕಿತ್ತು. ಎಪ್ಪತ್ತು ದಾಟಿದವರು ಗೇಟಿನಾಚೆ ಕಾಲಿಡಬಾರದು ಅಂತ ಇಲ್ಲಿನ ಸರ್ಕಾರ ಹೇಳಿತು. ಅದಕ್ಕೆ ಇಟ್ಟ ಹೆಸರು ಕಕೂನಿಂಗ್. ಹಾಗಂದರೇನು ಅಂತ ಮಾಶಿಮಾ ಕೇಳಿದಾಗ, ರೇಷ್ಮೆಹುಳು ಗೂಡು ಕಟ್ಟಿಕೊಂಡು ಒಳಗೆ ಸುಖವಾಗಿ ಇರುತ್ತದಲ್ಲ ಹಾಗೆ, ಅಂತ ನಾನು ವಿವರಿಸಿದೆ.

"ಆಮೇಲೆ ಅದನ್ನ ಗೂಡಿನ ಸಮೇತ ಬೇಯಿಸ್ತಾರಲ್ಲಮ್ಮ" ಅಂದರು ಮಾಶಿಮಾ. ರೇಷ್ಮೆಯ ಮೈಸೂರಿನವಳು ನಾನು, ಅದು ನನಗೇ ಹೊಳೆಯಬೇಕಿತ್ತು.

ಅಡುಗೆಮನೆ ಅವರ ವಶವಾಯಿತು. ಮಗ ಅಲ್ಲಿಗೆ ಕಾಲಿಟ್ಟರೆ, ನೀನು ಮೀಟಿಂಗ್ ಬಿಟ್ಟು ಯಾಕೆ ಬಂದೆ ಅಂತ ಕಳಿಸಿಬಿಡುತ್ತಿದ್ದರು. ತಟ್ಟೆ ಲ್ಯಾಪ್‌ಟಾಪಿನ ಪಕ್ಕಕ್ಕೇ ಹೋಗುತ್ತಿತ್ತು. ದಾದಾ ಪರದೆಯಿಂದ ಕಣ್ಣು ತೆಗೆಯದೆ ಉಣ್ಣುತ್ತಿದ್ದರು, ಖಾಲಿಯಾದ ತಟ್ಟೆ ಪಕ್ಕಕ್ಕೆ ಸರಿಯುತ್ತಿತ್ತು, ಮಾಶಿಮಾ ಬಂದು ಎತ್ತಿಕೊಂಡು ಹೋಗುತ್ತಿದ್ದರು. ಬೌದಿ ಸಂಜೆ ಬಂದು, ಬಟ್ಟೆಯನ್ನೆಲ್ಲ ಮೆಷಿನ್ನಿಗೆ ಹಾಕಿ, ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಬಂದು ರೊಟ್ಟಿ ಲಟ್ಟಿಸಲು ನಿಲ್ಲುತ್ತಿದ್ದರು. ಇಬ್ಬರು ಹೆಂಗಸರ ನಡುವೆ ಇದರ ಬಗ್ಗೆ ಒಂದು ಮಾತೂ ಆಗುತ್ತಿರಲಿಲ್ಲ. ದಾದಾ ಕೆಟ್ಟವರೇನಲ್ಲ. ನನ್ನ ವೀಸಾ ಕೆಲಸಕ್ಕೆ ತಾವೇ ಕಾರಿನಲ್ಲಿ ಕರೆದುಕೊಂಡು ಹೋಗಿದ್ದವರು. ತಟ್ಟೆ ತಾನಾಗಿಯೇ ಸಿಂಕಿಗೆ ನಡೆದುಹೋಗುವುದಿಲ್ಲ ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಕೋಲ್ಕತ್ತದಲ್ಲಿ ಸಂಜೆ ದೀಪ ಹಚ್ಚುವ ಹೊತ್ತು ಅಂದರೆ ನಮಗೆ ಮಧ್ಯಾಹ್ನದ ಊಟದ ಹೊತ್ತು. ಆಗ ಮಾಶಿಮಾ ಮುಂದಿನ ಕೋಣೆಯಲ್ಲಿ ಬಂಗಾಳಿ ಸೀರಿಯಲ್ ಹಾಕಿಕೊಂಡು ಕೂರುತ್ತಿದ್ದರು. ನಾನು ತಟ್ಟೆ ಹಿಡಿದುಕೊಂಡು ಹೋಗಿ ಪಕ್ಕದಲ್ಲಿ ಕೂತೆ. ಮೊದಲು ಒಬ್ಬಳೇ ಉಣ್ಣುವ ಬೇಸರಕ್ಕೆ, ಆಮೇಲೆ ಕಥೆಗೆ. ಅವರು ಅರ್ಧ ಹಿಂದಿ ಅರ್ಧ ಬಂಗಾಳಿಯಲ್ಲಿ ನನಗೆ ಎಲ್ಲ ಬಿಡಿಸಿ ಹೇಳುತ್ತಿದ್ದರು. ದೊಡ್ಡ ಹಳೇ ಮನೆ, ಮೂವರು ಅಣ್ಣತಮ್ಮಂದಿರು, ಎಲ್ಲರ ಮೇಲೂ ಅಧಿಕಾರ ನಡೆಸುವ ಅಜ್ಜಿ, ಬಿಳಿ ಸೀರೆಯ ವಿಧವೆ ಸೋದರತ್ತೆ. ಬಡಮನೆಯಿಂದ ಬಂದ ಸೊಸೆ ಬೆಳಿಗ್ಗೆ ಶಂಖ ಊದಿ, ಮೂವತ್ತು ಜನಕ್ಕೆ ಅಡುಗೆ ಮಾಡಿ, ಕೊನೆಗೆ ಉಳಿದದ್ದು ತಿನ್ನುತ್ತಾಳೆ. ಅವಳ ಗಂಡನಿಗೆ ಇನ್ನೊಬ್ಬಳ ಮೇಲೆ ಮನಸ್ಸು. ಆ ಇನ್ನೊಬ್ಬಳು ಪ್ಯಾಂಟು ತೊಟ್ಟು ಇಂಗ್ಲಿಷು ಮಾತಾಡುತ್ತಾಳೆ, ಆದ್ದರಿಂದ ಕೆಟ್ಟವಳು. ನನ್ನ ಪ್ಯಾಂಟು ನೋಡಿಕೊಂಡು ನಾನು ಅದನ್ನು ಹೇಳಿದಾಗ ಮಾಶಿಮಾ ನಕ್ಕು, "ನಿನ್ನದು ಮಲಗೋ ಪ್ಯಾಂಟು, ಪರವಾಗಿಲ್ಲ" ಅಂದರು.

ಮೈಸೂರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಈ ಕಥೆ ಹೇಳಿದೆ. ಅಮ್ಮ ಅರ್ಧಕ್ಕೇ ತಡೆದು, ಸೋದರತ್ತೆ ಹಾಲಿಗೆ ಏನೋ ಬೆರೆಸುತ್ತಾಳಾ ಅಂತ ಕೇಳಿದರು. ಹೌದು. ಅದೇ ಕಥೆಯನ್ನು ಕನ್ನಡಕ್ಕೆ ತಂದು ಅಮ್ಮನಿಗೂ ದಿನಾ ತೋರಿಸುತ್ತಿದ್ದರು. ಶಂಖದ ಬದಲು ತುಳಸಿಕಟ್ಟೆ, ಮೀನಿನ ಬದಲು ಒಬ್ಬಟ್ಟು, ಉಳಿದಂತೆ ಅದೇ ಕಣ್ಣೀರು. ಬಂಗಾಳಿಯದು ಎಷ್ಟೋ ಮುಂದೆ ಹೋಗಿದ್ದರಿಂದ ನನ್ನಿಂದ ಮುಂದಿನ ಸಂಗತಿ ತಿಳಿದುಕೊಂಡು ಅಮ್ಮ ಪಕ್ಕದ ಮನೆಯವರ ಹತ್ತಿರ ಭವಿಷ್ಯ ಹೇಳತೊಡಗಿದರು.

ಒಂದು ದಿನ ನನಗೆ ತಡೆಯಲಾಗಲಿಲ್ಲ. ಜ್ವರ ಬಂದಿದ್ದರೂ ಸೊಸೆ ಗಂಡನ ಕಾಲೊತ್ತುತ್ತಿದ್ದಳು. ಸಂಗೀತ ಜೋರಾಗಿ, ಕ್ಯಾಮೆರಾ ಅವಳ ಮುಖದ ಹತ್ತಿರಕ್ಕೆ ಮೂರು ಸಲ ನುಗ್ಗಿ ಬಂತು. ಇಂಥದ್ದನ್ನು ಹೇಗೆ ನೋಡುತ್ತೀರಿ ಮಾಶಿಮಾ, ಹೆಂಗಸು ಎಷ್ಟು ನರಳಿದರೆ ಅಷ್ಟು ಒಳ್ಳೆಯವಳು ಅಂತ ಹೇಳಿಕೊಡುತ್ತಾರಲ್ಲ ಅಂದೆ. ಅವರಿಗೆ ಸಿಟ್ಟು ಬರಲಿಲ್ಲ.

"ಅವಳು ಅಳೋವಾಗ ಕ್ಯಾಮೆರಾ ಅವಳ ಮುಖದ ಹತ್ರ ಬರುತ್ತಲ್ಲ, ನಾನು ಅದನ್ನ ನೋಡ್ತೀನಿ" ಅಂದರು. "ನಮ್ಮ ಮನೇಲಿ ನಾನು ಅತ್ತಾಗ ಯಾರೂ ಇಷ್ಟು ಹತ್ರ ಬಂದು ನೋಡಲಿಲ್ಲ. ಉಂಡೆಯಾ ಅಂತ ಕೂಡ ಕೇಳಲಿಲ್ಲ. ಇಲ್ಲಿ ಊರೆಲ್ಲ ನೋಡುತ್ತೆ."

ಅವರು ಬಿಳಿ ಸೀರೆಯ ಆ ದುಷ್ಟ ಸೋದರತ್ತೆಯ ಪರವಾಗಿಯೂ ಮಾತಾಡುತ್ತಿದ್ದರು. ಹದಿನೆಂಟಕ್ಕೇ ಗಂಡ ಸತ್ತವಳಂತೆ. ಎಲ್ಲರಿಗೂ ಬಡಿಸಿ, ತಾನು ಮಾತ್ರ ಬೇಯಿಸಿದ ಬಾಳೆಕಾಯಿ ತಿಂದುಕೊಂಡು ಐವತ್ತು ವರ್ಷ ಕಳೆದರೆ ಯಾರ ನಾಲಿಗೆ ಕಹಿಯಾಗುವುದಿಲ್ಲ ಹೇಳು ಅನ್ನುತ್ತಿದ್ದರು. ಅವರೂ ಗಂಡ ಹೋದ ಮೇಲೆ ಮೀನು ಬಿಟ್ಟವರು. ಬಿಡಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಬಿಡಬೇಡಿ ಅಂತಲೂ ಯಾರೂ ಹೇಳಲಿಲ್ಲ. ಬೌದಿ ಮದುವೆಯಾಗಿ ಬಂದ ಹೊಸದರಲ್ಲಿ ಒಂದೆರಡು ಸಲ ಒತ್ತಾಯ ಮಾಡಿ ಸೋತಿದ್ದರಂತೆ.

ಹೀಗಿರುವಾಗ ಒಂದು ಮಧ್ಯಾಹ್ನ ಸೀರಿಯಲ್ ನಿಂತುಹೋಯಿತು. ಅಲ್ಲಿಯೂ ಲಾಕ್‌ಡೌನ್ ಆಗಿ ಶೂಟಿಂಗ್ ಬಂದ್ ಆಗಿತ್ತು. ಕೊನೆಯ ಕಂತಿನಲ್ಲಿ ಸೊಸೆಯ ಮೇಲೆ ಕಳ್ಳತನದ ಆರೋಪ ಹೊರಿಸಿ, ಅಜ್ಜಿ ಅವಳನ್ನು ಮನೆಯಿಂದ ಹೊರಗೆ ಹಾಕಿ ಬಾಗಿಲು ಹಾಕಿಸಿದ್ದರು. ಅವಳು ಕೈಚೀಲ ಹಿಡಿದುಕೊಂಡು ಮುಚ್ಚಿದ ಬಾಗಿಲ ಮುಂದೆ ನಿಂತಿದ್ದಳು. ಮರುದಿನದಿಂದ ಹಳೇ ಕಂತುಗಳನ್ನೇ ಮತ್ತೆ ಹಾಕಲು ಶುರುಮಾಡಿದರು. ಮಾಶಿಮಾ ಅದನ್ನೂ ನೋಡಿದರು, ಆದರೆ ಮನಸ್ಸು ಅಲ್ಲಿರಲಿಲ್ಲ. ತರಕಾರಿ ಹೆಚ್ಚುತ್ತಾ ಇದ್ದಕ್ಕಿದ್ದಂತೆ, ಆ ಹುಡುಗಿ ಇನ್ನೂ ಬಾಗಿಲಲ್ಲೇ ನಿಂತಿದ್ದಾಳೆ ಅನ್ನುತ್ತಿದ್ದರು. ದಾದಾ ನಕ್ಕು, ಅಮ್ಮಾ, ಆ ನಟಿ ತನ್ನ ಮನೆಯಲ್ಲಿ ಆರಾಮಾಗಿ ನಿದ್ದೆ ಹೊಡೆಯುತ್ತಿರುತ್ತಾಳೆ ಅಂದರು. ಮಾಶಿಮಾ ನಗಲಿಲ್ಲ.

ಆ ವಾರಾಂತ್ಯ ಬಿಸಿಲು ಬಂದಿತ್ತು. ಹಿತ್ತಲಿನ ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಇಬ್ಬರೂ ಬಟಾಣಿ ಬಿಡಿಸುತ್ತಿದ್ದೆವು. ಆ ಹುಡುಗಿ ಬಾಗಿಲಲ್ಲಿ ನಿಂತದ್ದು ನಿಮಗೆ ಯಾಕೆ ಅಷ್ಟು ನೋಯುತ್ತಿದೆ ಅಂತ ಕೇಳಿದೆ. ಅವರು ಬಟಾಣಿ ಬಿಡಿಸುತ್ತಲೇ ಹೇಳಿದರು.

ಮದುವೆಯಾದ ಎರಡನೆಯ ವರ್ಷ. ತವರಿನಿಂದ ಅಕ್ಕ ಬಂದಿದ್ದಳಂತೆ. ಇಬ್ಬರೂ ಮ್ಯಾಟಿನಿ ಸಿನಿಮಾಕ್ಕೆ ಹೋದರು. ಅತ್ತೆಗೆ ಹೇಳಿಯೇ ಹೋಗಿದ್ದರು, ಆದರೆ ಮೆರವಣಿಗೆಯೊಂದು ಅಡ್ಡ ಬಂದು ಟ್ರಾಮ್ ನಿಂತುಬಿಟ್ಟಿತು. ಅಕ್ಕನನ್ನು ಅವಳ ದಾರಿಗೆ ಬಿಟ್ಟು ಇವರು ಮನೆ ತಲುಪುವಷ್ಟರಲ್ಲಿ ದೀಪ ಹಚ್ಚಿಯಾಗಿತ್ತು. ಅತ್ತೆ ಒಳಗಿನಿಂದ ಚಿಲಕ ಹಾಕಿದ್ದರು. ಬಾಗಿಲು ತಟ್ಟಿದರೂ ತೆಗೆಯಲಿಲ್ಲ. ಒಳಗೆ ಪಾತ್ರೆಯ ಸದ್ದು, ನಾದಿನಿಯರ ಮಾತು ಎಲ್ಲ ಕೇಳುತ್ತಿತ್ತು. ಬೀದಿಯಲ್ಲಿ ಹೋಗುವವರು ನೋಡುತ್ತಿದ್ದರು. ಆಗ ದಾದಾ ಹೊಟ್ಟೆಯಲ್ಲಿದ್ದ. ಬಹಳ ಹೊತ್ತಾದ ಮೇಲೆ ಗಂಡ ಆಫೀಸಿನಿಂದ ಬಂದರು. ಹೆಂಡತಿಯನ್ನು ನೋಡಿದರು, ಏನೂ ಕೇಳಲಿಲ್ಲ. ಬಾಗಿಲು ತಟ್ಟಿ ಅಮ್ಮಾ ಅಂದರು. ಬಾಗಿಲು ತೆರೆಯಿತು. ಅವರು ಒಳಗೆ ಹೋದರು.

"ಒಳಗೆ ಹೋದವರು ಬಾಗಿಲು ಹಾಕಲಿಲ್ಲ" ಅಂದರು ಮಾಶಿಮಾ. "ತೆರೆದೇ ಬಿಟ್ಟು ಹೋದರು. ನಾನು ಹಿಂದೆ ಹೋದೆ. ಅಷ್ಟೇ ಅವರು ಮಾಡಿದ್ದು. ಅದನ್ನೇ ಪ್ರೀತಿ ಅಂದುಕೊಂಡು ಸಂಸಾರ ಮಾಡಿದೆ. ಪ್ರೀತಿಯೇ ಇರಬೇಕು. ಅವರಿಗೆ ಅಷ್ಟೇ ಬರ್ತಿತ್ತು."

ಇದನ್ನು ನಿಮ್ಮ ಮಗನಿಗೆ ಹೇಳಿದ್ದೀರಾ ಅಂತ ಕೇಳಿದೆ. ಮಗನಿಗೆ ಅಪ್ಪನ ಬಗ್ಗೆ ಹಾಗೆಲ್ಲ ಹೇಳುತ್ತಾರಾ ಅಂದು ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಏಪ್ರಿಲ್‌ನಲ್ಲಿ ಬೌದಿಗೆ ಪಾಸಿಟಿವ್ ಬಂತು. ಅವರು ಆಸ್ಪತ್ರೆಯಿಂದಲೇ ಫೋನ್ ಮಾಡಿ ಹೇಳಿ, ಮನೆಗೆ ಬಂದು ನೇರವಾಗಿ ಮಹಡಿಯ ಪುಟ್ಟ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಹಿಂದೆಯೇ ಮಾಶಿಮಾಗೆ ಜ್ವರ, ಕೆಮ್ಮು. ಫೋನಿನಲ್ಲಿ ಮಾತಾಡಿದ ಡಾಕ್ಟರು ಅವರನ್ನೂ ಕೋಣೆಯಲ್ಲೇ ಇರಿಸಿ, ಬೆರಳಿಗೆ ಹಾಕುವ ಆಕ್ಸಿಮೀಟರ್ ನೋಡುತ್ತಿರಿ, ಅಂಕಿ ಇಳಿದರೆ ಆಂಬುಲೆನ್ಸ್ ಕರೆಯಿರಿ ಅಂದರು. ಮನೆಯ ಇಬ್ಬರು ಅಡುಗೆಯವರೂ ಬಾಗಿಲ ಹಿಂದೆ ಸೇರಿದ್ದರು. ಹೊರಗೆ ಉಳಿದದ್ದು ನಾನು ಮತ್ತು ದಾದಾ.

ಬೆಳಿಗ್ಗೆ ದಾದಾ ನನ್ನ ಕೋಣೆಯ ಹೊರಗೆ ಮಾಸ್ಕ್ ಹಾಕಿಕೊಂಡು ನಿಂತಿದ್ದರು. ಬಹಳ ಸಂಕೋಚದಿಂದ, ಅಮ್ಮನಿಗೆ ಸ್ವಲ್ಪ ಬೇಳೆ, ಗಂಜಿ ಮಾಡಿಕೊಡುತ್ತೀಯಾ, ನನಗೆ ಹತ್ತು ಗಂಟೆಗೆ ಮೀಟಿಂಗ್ ಇದೆ ಅಂದರು.

"ನನಗೂ ಹತ್ತಕ್ಕೇ ಇದೆ ದಾದಾ" ಅಂದೆ.

ಅವರ ಮುಖ ಕೆಂಪಾಯಿತು. ನನಗೆ ಪಾಪ ಅನ್ನಿಸಿತು, ಆದರೆ ಮಾಡಿಕೊಡುತ್ತೇನೆ ಅನ್ನಲಿಲ್ಲ. ತರಕಾರಿ ಹೆಚ್ಚಿ, ಪಾತ್ರೆ ತೊಳೆದುಕೊಡುವುದು ನನ್ನದು, ಒಲೆಯ ಮುಂದೆ ನಿಲ್ಲುವುದು ನಿಮ್ಮದು ಅಂದೆ. ನಾನು ಮಾಡುವ ಸಾರು ಮಾಶಿಮಾ ಬಾಯಿಗೆ ಹಿಡಿಸುವುದೂ ಇಲ್ಲ ಅಂತ ಸೇರಿಸಿದೆ. ಸರಿ ಅನ್ನುವುದಕ್ಕೆ ಇಲ್ಲಿನವರು ಅನ್ನುವ ಹಾಗೆ ಅವರು ಗ್ರ್ಯಾಂಡ್ ಅಂದು ಕೆಳಗಿಳಿದರು.

ಅಂದಿನಿಂದ ಒಂದು ವಿಚಿತ್ರ ವ್ಯವಸ್ಥೆ ಶುರುವಾಯಿತು. ದಾದಾ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ವಿಡಿಯೊ ಕಾಲ್ ಮಾಡುತ್ತಿದ್ದರು. ಮೇಲಿನ ಕೋಣೆಯಿಂದ ಮಾಶಿಮಾ, ಕೆಮ್ಮಿನ ನಡುನಡುವೆ, ಪಾತ್ರೆ ತೋರಿಸು, ಉರಿ ಕಡಿಮೆ ಮಾಡು, ಅರಿಶಿನ ಈಗ, ಅಯ್ಯೋ ಅಷ್ಟಲ್ಲ ಅನ್ನುತ್ತಿದ್ದರು. ಮೊದಲ ದಿನದ ಬೇಳೆ ತಳಹಿಡಿಯಿತು. ಎರಡನೆಯ ದಿನ ಹೊಗೆಯ ಅಲಾರಂ ಕೂಗಿ, ಪಕ್ಕದ ಮನೆಯ ಐರಿಷ್ ಅಜ್ಜ ಬೇಲಿಯಾಚೆಯಿಂದ ಎಲ್ಲ ಸರಿಯಿದೆಯಾ ಅಂತ ವಿಚಾರಿಸಿದರು. ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಅನ್ನ ಉದುರುದುರಾಗಿ ಆಗತೊಡಗಿತು. ದಾದಾ ಮೀಟಿಂಗಿನಲ್ಲಿ ಕೂತಿದ್ದಾಗಲೂ ಕುಕ್ಕರಿನ ಸೀಟಿ ಎಣಿಸುತ್ತಿದ್ದರು.

ಒಂದು ಮಧ್ಯಾಹ್ನ ಮಾಶಿಮಾ ಫೋನ್ ಎತ್ತಲಿಲ್ಲ. ದಾದಾ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದರು. ಉತ್ತರವಿಲ್ಲ. ಒಳಗೆ ಹೋಗಬೇಡಿ ಅಂತ ಡಾಕ್ಟರು ಹೇಳಿದ್ದರು. ಪುಟ್ಟ ಕೋಣೆಯಿಂದ ಬೌದಿ, ಹೋಗು, ಹೋಗು ಅಂತ ಕೂಗಿದರು. ದಾದಾ ಬಾಗಿಲು ತೆರೆದು ಒಳಗೆ ಹೋದರು. ಮಾಶಿಮಾ ಸುಸ್ತಾಗಿ ನಿದ್ದೆ ಹೋಗಿದ್ದರು, ಅಷ್ಟೆ. ಆಕ್ಸಿಮೀಟರಿನ ಅಂಕಿ ಸರಿಯಾಗಿತ್ತು. ಆದರೂ ದಾದಾ ಹೊರಗೆ ಬರಲಿಲ್ಲ. ಕಾರಿಡಾರಿನಿಂದ ನನಗೆ ಕಂಡದ್ದು, ಅವರು ನೆಲದ ಮೇಲೆ ಕೂತು ಹೊದಿಕೆಯ ಮೇಲಿಂದಲೇ ಅಮ್ಮನ ಪಾದ ಒತ್ತುತ್ತಿದ್ದದ್ದು. ನಾನು ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮೀನಿನ ಎಡವಟ್ಟು ಆದದ್ದು ಇದರ ಮರುವಾರ. ಬೌದಿ ಆಗಲೇ ಸುಧಾರಿಸಿದ್ದರು, ಮೀನಿನ ಸಾರು ಬೇಕೆನ್ನಿಸಿದೆ ಅಂದರು. ಮಾಶಿಮಾ ಫೋನಿನಲ್ಲಿ ಹೇಳಿಕೊಟ್ಟರು, ದಾದಾ ಸಾಸಿವೆ ಅರೆದು ಮಾಡಿದರು. ಎರಡು ಟ್ರೇ ಸಿದ್ಧವಾಯಿತು, ಒಂದರಲ್ಲಿ ಮೀನು, ಇನ್ನೊಂದರಲ್ಲಿ ಸಪ್ಪೆ ಬೇಳೆ. ಎರಡಕ್ಕೂ ತಟ್ಟೆ ಮುಚ್ಚಿ ಬಾಗಿಲುಗಳ ಮುಂದೆ ಇಟ್ಟು, ಅವಸರದಲ್ಲಿ ಕಾಲ್‌ಗೆ ಕೂತರು. ಸ್ವಲ್ಪ ಹೊತ್ತಿಗೆ ಬೌದಿಯಿಂದ ಮೆಸೇಜು ಬಂತು, ನನಗೆ ಯಾಕೆ ಬೇಳೆ ಕೊಟ್ಟೆ ಅಂತ. ದಾದಾ ಕಾಲ್ ಬಿಟ್ಟು ಓಡಿದರು. ನಾನೂ ಹಿಂದೆ ಹೋದೆ. ಮಾಶಿಮಾ ಬಾಗಿಲ ಹೊರಗೆ ಖಾಲಿ ತಟ್ಟೆ ಇತ್ತು. ಅಂಚಿನಲ್ಲಿ ಮೀನಿನ ಮುಳ್ಳುಗಳನ್ನು ಒಪ್ಪವಾಗಿ ಸಾಲಾಗಿ ಜೋಡಿಸಿಟ್ಟಿದ್ದರು.

ದಾದಾ ಬಾಗಿಲಿಗೆ ತಲೆಯಾನಿಸಿ, ತಪ್ಪಾಯಿತಮ್ಮ ಅಂದರು. ಒಳಗಿನಿಂದ ಬಂದ ದನಿ ದುರ್ಬಲವಾಗಿತ್ತು, ಆದರೆ ಸ್ಪಷ್ಟವಾಗಿತ್ತು.

"ನನಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ನೀನು ಮಾಡಿದ್ದು ಅಂತ ತಿಂದೆ. ಹುಟ್ಟಿದಾಗಿಂದ ಮೊದಲ ಸಲ ನೀನು ನನಗೆ ಮೀನು ಬಡಿಸಿದ್ದು. ಅದನ್ನ ಬಿಸಾಡ್ತಾರಾ?"

ಪುಟ್ಟ ಕೋಣೆಯೊಳಗೆ ಬೌದಿ ಮೂಗು ಸೀಟಿಕೊಳ್ಳುವುದು ಕೇಳಿಸಿತು. ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ.

ಇಬ್ಬರೂ ಗುಣವಾಗಿ ಕೆಳಗಿಳಿದು ಬಂದರು. ಮಾಶಿಮಾಗೆ ರುಚಿ ಮರಳಲು ಬಹಳ ದಿನ ಹಿಡಿಯಿತು. ಮರಳಿದ ಮೇಲೂ ಆ ಮನೆಯಲ್ಲಿ ಅವರು ಆಗೀಗ ಒಂದು ತುಂಡು ಮೀನು ಹಾಕಿಸಿಕೊಳ್ಳುತ್ತಿದ್ದರು, ಯಾರೂ ಅದನ್ನು ಗಮನಿಸಿದ ಹಾಗೆ ತೋರಿಸಿಕೊಳ್ಳಬಾರದು ಅನ್ನುವ ಕರಾರಿನ ಮೇಲೆ. ಅಡುಗೆಮನೆಯ ಅಧಿಕಾರವನ್ನು ವಾಪಸು ಪಡೆಯಲು ಪ್ರಯತ್ನಿಸಿದರು. ಆದರೆ ಒಂದು ಸಲ ಕೆಲಸ ಕಲಿತ ಮಗ, ರಾತ್ರಿ ಊಟ ನನ್ನದು ಅಂದರು. ಮಾಶಿಮಾ ಸ್ಟೂಲ್ ಹಾಕಿಕೊಂಡು ಹತ್ತಿರ ಕೂತು ತಪ್ಪು ಹುಡುಕುತ್ತಿದ್ದರು. ಬೌದಿ ಬಂದು ಒದ್ದೆ ಕೂದಲಲ್ಲಿ ಸೋಫಾದ ಮೇಲೆ ಕಾಲು ಚಾಚುತ್ತಿದ್ದರು. ಮೊದಮೊದಲು ಅತ್ತೆಯ ಎದುರು ಹಾಗೆ ಕೂರಲು ಅವರಿಗೆ ಮುಜುಗರವಾಗಿ, ಅರ್ಧ ಎದ್ದು ಅರ್ಧ ಕೂತಿರುತ್ತಿದ್ದರು. ಒಂದು ದಿನ ಮಾಶಿಮಾ, ಕೂತ್ಕೋ, ನೀನು ಎದ್ದರೆ ಅವನು ನಿಲ್ಲಿಸಿಬಿಡುತ್ತಾನೆ ಅಂತ ಪಿಸುಗುಟ್ಟಿದರು.

ಬೇಸಿಗೆಗೆ ಸೀರಿಯಲ್ ಮತ್ತೆ ಶುರುವಾಯಿತು. ಎಲ್ಲರೂ ದೂರದೂರ ನಿಂತು ಮಾತಾಡುತ್ತಿದ್ದರು. ವಯಸ್ಸಾದ ನಟರು ಸೆಟ್ಟಿಗೆ ಬರುವಂತಿರಲಿಲ್ಲವಾದ್ದರಿಂದ ಮನೆ ಆಳುತ್ತಿದ್ದ ಅಜ್ಜಿ ಹಠಾತ್ತಾಗಿ ತೀರ್ಥಯಾತ್ರೆಗೆ ಹೋಗಿ, ಫೋನಿನ ಪರದೆಯಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಿದ್ದರು. ಅವಳನ್ನೂ ಗೂಡಿಗೆ ಹಾಕಿದರು ಅಂತ ಮಾಶಿಮಾ ಮರುಗಿದರು. ಸೀರಿಯಲ್ಲಿನ ಅತ್ತೆಗೆ ಸೊಸೆಯ ಕೆನ್ನೆಗೆ ಹೊಡೆಯಲು ಕೈ ಎಟುಕದಷ್ಟು ದೂರ. ರೋಗ ಬಂದು ಅವಳಿಗೆ ಅಷ್ಟಾದರೂ ಒಳ್ಳೆಯದಾಯಿತು ಅಂದರು.

ಬಾಗಿಲಲ್ಲಿ ನಿಂತಿದ್ದ ಸೊಸೆಯನ್ನು ಒಳಗೆ ಕರೆದುಕೊಂಡರು. ಅವಳು ಎಲ್ಲರ ಕಾಲಿಗೆ, ದೂರದಿಂದಲೇ, ನಮಸ್ಕಾರ ಮಾಡಿ ನೇರವಾಗಿ ಅಡುಗೆಮನೆಗೆ ಹೋದಳು. ಅಂದು ರಜೆಯಲ್ಲಿದ್ದ ಬೌದಿ ನಮ್ಮ ಜೊತೆ ಕೂತಿದ್ದರು. ಅವರಿಗೆ ಕೋಪ ಬಂತು. ಅವಳು ಯಾಕೆ ವಾಪಸು ಹೋಗಬೇಕಿತ್ತು, ಒಂದು ರೂಮು ಮಾಡಿಕೊಂಡು ಕೆಲಸಕ್ಕೆ ಸೇರಬಾರದಿತ್ತೇ ಅಂದರು.

"ಬೇರೆ ಹೋದರೆ ಕಥೆ ಮುಗೀತು. ನಾಳೆ ನಾನು ಏನು ನೋಡಲಿ?" ಅಂದರು ಮಾಶಿಮಾ. ಆಮೇಲೆ ಬೌದಿಯ ಮೊಣಕಾಲ ಮೇಲೆ ಕೈಯಿಟ್ಟು, ಒಳಗೆ ಹೋದವರೂ ಬದುಕಿದ್ದೇವಮ್ಮ, ನಮ್ಮನ್ನು ಅಷ್ಟು ಬಯ್ಯಬೇಡ ಅಂದರು. ಬೌದಿ ಆ ಕೈಯನ್ನು ಹಿಡಿದುಕೊಂಡರು. ವಾದ ಮುಗಿಯಲಿಲ್ಲ. ಅದು ಮರುದಿನವೂ, ಅದರ ಮರುದಿನವೂ ನಡೆಯಿತು, ಆದರೆ ಈಗ ಇಬ್ಬರೂ ಒಂದೇ ಸೋಫಾದಲ್ಲಿ ಕೂತು ಜಗಳವಾಡುತ್ತಿದ್ದರು.

ಶರತ್ಕಾಲದಲ್ಲಿ ವಿಶೇಷ ವಿಮಾನವೊಂದರಲ್ಲಿ ಲಂಡನ್ ಮೂಲಕ ಮಾಶಿಮಾ ಊರಿಗೆ ಹೋದರು. ಮುಖಕ್ಕೆ ಪ್ಲಾಸ್ಟಿಕ್ ಪರದೆ ಹಾಕಿಕೊಂಡಿದ್ದರಿಂದ ಅವರ ಮುಖ ಸರಿಯಾಗಿ ಕಾಣಲಿಲ್ಲ. ಕೋಲ್ಕತ್ತದಲ್ಲಿ ಮತ್ತೆ ಮೀನು ಬಿಟ್ಟರಂತೆ. ಅಲ್ಲಿ ನೋಡುವವರು ಜಾಸ್ತಿ. ಆ ಸುದ್ದಿ ಕೇಳಿ ಬೌದಿಗೆ ಬೇಸರವಾಯಿತು, ನನಗೂ ಆಯಿತು.

ನಾನು ಆ ಮನೆ ಬಿಡುವವರೆಗೂ, ಬಿಟ್ಟ ಮೇಲೂ, ಮಾಶಿಮಾ ನನಗೆ ಫೋನ್ ಮಾಡುತ್ತಿದ್ದರು. ಹೊಸ ಸೀರಿಯಲ್ ಹಿಡಿದಿದ್ದರು. ಇದರಲ್ಲಿ ಸೊಸೆ ಪೊಲೀಸ್ ಆಫೀಸರ್, ಬೆಳಿಗ್ಗೆ ಕಳ್ಳರನ್ನು ಹಿಡಿದು ಸಂಜೆ ಬಂದು ಪಾಯಸ ಮಾಡುತ್ತಾಳೆ, ನಿನ್ನ ಬೌದಿಯದೇ ಕಥೆ ಅಂದರು. ಒಂದು ಭಾನುವಾರ ನಾನು ಲೂಕನ್‌ಗೆ ಊಟಕ್ಕೆ ಹೋಗಿದ್ದಾಗ ಅವರ ಕರೆ ಬಂತು. ಇವತ್ತು ಅಡುಗೆ ಯಾರದು ಅಂತ ಕೇಳಿದರು. ದಾದಾನದು, ನಿಮ್ಮ ಸೊಸೆಗೆ ಮೊಟ್ಟೆ ಸಾರು, ನನಗೆ ಬೇರೆ ಆಲೂಗಡ್ಡೆ ಅಂದೆ. ಅವರು, ಬೇಯಿಸಿದ ಮೊಟ್ಟೆಯನ್ನು ಸಾರಿಗೆ ಹಾಕುವ ಮೊದಲು ಅರಿಶಿನ ಸವರಿ ಎಣ್ಣೆಯಲ್ಲಿ ಕೆಂಪಗೆ ಹುರಿಯಬೇಕು, ಅವನು ಅದನ್ನು ಮರೆಯುತ್ತಾನೆ, ಹೋಗಿ ಹೇಳು ಅಂದರು. ನಾನು ಅಡುಗೆಮನೆಗೆ ಹೋಗಿ ಹೇಳಿದೆ. ದಾದಾ ಬಾಣಲೆಯಿಂದ ತಲೆ ಎತ್ತದೆ, ಹುರಿದಾಯಿತು ಅಂತ ಹೇಳು ಅಂದರು.